ಆಶೀರ್ವಾದದ ನಂತರದ ಹತ್ತು ನಿಮಿಷ

ಚರ್ಚಿನಲ್ಲಿ ಭಾನುವಾರದ ಕೊನೆಯ ಕೀರ್ತನೆ ಮುಗಿಯುತ್ತದೆ. ಸಭಾಪಾಲಕರು ಕೈಯೆತ್ತಿ ಆಶೀರ್ವಾದ ಹೇಳುತ್ತಾರೆ, ಜನ ‘ಆಮೆನ್’ ಅನ್ನುತ್ತಾರೆ. ಅಲ್ಲಿಂದ ಮುಂದಿನ ಹತ್ತು ನಿಮಿಷ ನೋಡಬೇಕು. ಬೆಂಚುಗಳ ನಡುವೆ ಅಲ್ಲಲ್ಲಿ ಮೂರು ನಾಲ್ಕು ಜನ ಗುಂಪುಗೂಡುತ್ತಾರೆ, ವಾರದ ಸುದ್ದಿ ಶುರುವಾಗುತ್ತದೆ, ಮಕ್ಕಳು ಸಾಲುಗಳ ಸಂದಿಯಲ್ಲಿ ಓಡುತ್ತಾರೆ. ಇವರೆಲ್ಲರ ಮಧ್ಯೆ ಹೊಸಬರೊಬ್ಬರು ಕೀರ್ತನೆ ಪುಸ್ತಕವನ್ನು ಇದ್ದ ಜಾಗಕ್ಕೆ ಇಡುತ್ತಾರೆ, ಬೇಕೆಂದೇ ನಿಧಾನವಾಗಿ. ಚೀಲ ಹೆಗಲಿಗೇರಿಸಿ ಮತ್ತೆ ಕೆಳಗಿಡುತ್ತಾರೆ. ಫೋನ್ ತೆಗೆದು ನೋಡುತ್ತಾರೆ. ಸೂಚನಾ ಫಲಕದ ಮೇಲಿನ ಚೀಟಿಗಳನ್ನು ಎರಡನೇ ಸಲ ಓದುತ್ತಾರೆ. ಯಾರಾದರೂ ಮಾತಾಡಿಸಿಯಾರು ಎಂದು ಕಾಯುತ್ತಿದ್ದಾರೆ ಅಷ್ಟೇ. ಬರುವಾಗ ಬಾಗಿಲಲ್ಲಿ ಕೈಕುಲುಕಿ ‘ನೀವು ಬಂದದ್ದು ಬಹಳ ಸಂತೋಷ’ ಎಂದವರು ಈಗ ತಮ್ಮ ಗೆಳೆಯರ ಗುಂಪಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾರೆ.

ಸಭೆಯೊಂದರ ಸ್ವಾಗತದ ಪರೀಕ್ಷೆ ನಡೆಯುವುದು ಇಲ್ಲಿ. ಬಾಗಿಲಲ್ಲಿ ನಿಲ್ಲುವುದು ಕೆಲವರಿಗೆ ಒಪ್ಪಿಸಿದ ಸೇವೆ, ಅದನ್ನು ಅವರು ಮನಸ್ಸಿಟ್ಟೇ ಮಾಡುತ್ತಾರೆ. ಆದರೆ ಆರಾಧನೆ ಮುಗಿದ ಮೇಲೆ ಯಾರಿಗೂ ಏನೂ ಒಪ್ಪಿಸಿರುವುದಿಲ್ಲ. ಆಗ ಜನ ತಾವಾಗಿ ಏನು ಮಾಡುತ್ತಾರೋ ಅದೇ ಆ ಸಭೆಯ ಸ್ವಭಾವ. ಇನ್ನೂ ಒಂದು ಮಾತಿದೆ. ಸ್ವಾಗತವೇ ಬೇರೆ, ಸೇರಿಕೊಂಡೆ ಅನ್ನಿಸುವುದೇ ಬೇರೆ. ‘ಇದು ನನ್ನ ಸಭೆ’ ಎಂಬ ಮಾತು ಸಹಜವಾಗಿ ಬಾಯಿಗೆ ಬರುವುದು, ನೀವು ಬಾರದಿದ್ದ ಭಾನುವಾರ ನಿಮ್ಮ ಜಾಗ ಖಾಲಿಯಿದ್ದದ್ದು ಯಾರದೋ ಕಣ್ಣಿಗೆ ಬಿದ್ದು, ಅವರು ನಿಮ್ಮನ್ನು ವಿಚಾರಿಸಿಕೊಂಡ ಮೇಲೆ.

ಇದು ಹೊಸ ವಿಚಾರವೇನಲ್ಲ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ರಕ್ತಸಾಕ್ಷಿ ಜಸ್ಟಿನ್, ಕ್ರೈಸ್ತರು ಭಾನುವಾರ ಕೂಡಿಬಂದು ಏನು ಮಾಡುತ್ತಾರೆ ಎಂದು ಚಕ್ರವರ್ತಿಗೆ ವಿವರಿಸಿ ಬರೆದ. ವಾಚನ, ಬೋಧನೆ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ ಎಲ್ಲವೂ ಅದರಲ್ಲಿವೆ. ಜೊತೆಗೆ ಒಂದು ಸಣ್ಣ ಸಾಲೂ ಇದೆ: ಅಲ್ಲಿಗೆ ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ದು ಕೊಡುತ್ತಿದ್ದರು. ಅಂದರೆ ಯಾರು ಬಂದಿಲ್ಲ ಎನ್ನುವುದು ಅವರಿಗೆ ಪ್ರತಿ ವಾರ ಗೊತ್ತಿರಬೇಕಿತ್ತು. ಅಂದಿನ ಕಾಣಿಕೆಯೂ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಊರಿನಿಂದ ಬಂದು ತಂಗಿದವರಿಗೆ ಹೋಗುತ್ತಿತ್ತು. ಬೈಬಲಿನ ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ ‘ಅನ್ಯೋನ್ಯತೆ’ ಎಂದು ನಾವು ಓದುವ ಮಾತಿಗೆ ಗ್ರೀಕಿನಲ್ಲಿ ‘ಕೊಯಿನೋನಿಯ’ ಎಂಬ ಪದವಿದೆ. ಒಂದೇ ವಸ್ತುವಿನಲ್ಲಿ ಎಲ್ಲರಿಗೂ ಪಾಲಿರುವುದು ಎಂಬ ಅರ್ಥ ಅದರಲ್ಲಿದೆ. ನಗುಮುಖದ ಮಾತುಕತೆಗಿಂತ ಬಹಳ ಭಾರದ ಪದ ಅದು.

ಸಭೆಯೊಂದನ್ನು ಹುಡುಕುತ್ತಿರುವವರಿಗೆ ಮೊದಲು ಕೆಲವು ವಿಷಯ ಹೇಳಿಬಿಡುತ್ತೇನೆ.

ಒಂದೇ ಭಾನುವಾರ ನೋಡಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಆರು ವಾರ, ತಪ್ಪದೆ, ಒಂದೇ ಹೊತ್ತಿನ ಆರಾಧನೆಗೆ ಹೋಗಿ. ಒಂದು ವಾರ ಹೊರಗಿನ ಪ್ರಸಂಗಿ ಬಂದಿರುತ್ತಾರೆ, ಇನ್ನೊಂದು ವಾರ ಹಬ್ಬ, ಮತ್ತೊಂದು ವಾರ ರಜೆಗೆಂದು ಅರ್ಧ ಜನ ಊರಲ್ಲಿರುವುದಿಲ್ಲ. ಆರು ವಾರದಲ್ಲಿ ಒಂದೆರಡಾದರೂ ಸಾಮಾನ್ಯ ಭಾನುವಾರಗಳು ಸಿಗುತ್ತವೆ, ನೀವು ನೋಡಬೇಕಾದದ್ದು ಅವುಗಳನ್ನೇ. ಒಂದೇ ಹೊತ್ತು ಎಂದದ್ದಕ್ಕೆ ಕಾರಣವಿದೆ. ಬೆಳಗ್ಗೆ ಎರಡು ಆರಾಧನೆ ನಡೆಸುವ ಚರ್ಚಿನಲ್ಲಿ ವಾಸ್ತವವಾಗಿ ಎರಡು ಸಭೆಗಳಿರುತ್ತವೆ. ಎಂಟು ಗಂಟೆಯವರಿಗೆ ಹತ್ತು ಗಂಟೆಯವರ ಹೆಸರು ಕೂಡ ಗೊತ್ತಿರುವುದಿಲ್ಲ. ಇವತ್ತು ಇದಕ್ಕೆ, ನಾಳೆ ಅದಕ್ಕೆ ಎಂದು ಹೋದವರು ವರ್ಷ ಕಳೆದರೂ ಎರಡೂ ಕಡೆ ಹೊಸಬರಾಗಿಯೇ ಉಳಿಯುತ್ತಾರೆ.

ಆರಂಭಕ್ಕೆ ಹತ್ತು ನಿಮಿಷ ಮುಂಚೆ ಹೋಗಿ. ತೀರಾ ಹಿಂದಿನ ಸಾಲು ಬೇಡ. ತಡವಾಗಿ ಬರುವವರೂ ಬೇಗ ಹೊರಡುವವರೂ ಕೂರುವ ಸಾಲು ಅದು, ಅಲ್ಲಿ ಪರಿಚಯ ಬೆಳೆಯುವುದಿಲ್ಲ. ಮಧ್ಯಕ್ಕಿಂತ ತುಸು ಹಿಂದೆ, ಓಡಾಡುವ ದಾರಿಯ ಪಕ್ಕದಲ್ಲಿ ಕೂತರೆ ಯಾವಾಗ ಏಳಬೇಕು, ಯಾವಾಗ ಕೂರಬೇಕು, ಎಲ್ಲಿ ಮಂಡಿಯೂರಬೇಕು ಎನ್ನುವುದು ಮುಂದಿನವರನ್ನು ನೋಡಿಯೇ ತಿಳಿಯುತ್ತದೆ. ಮರು ವಾರವೂ ಅದೇ ಜಾಗದಲ್ಲಿ ಕೂತುಕೊಳ್ಳಿ. ಸಣ್ಣ ಉಪಾಯವಾದರೂ ಇದರಿಂದ ಬಹಳ ಉಪಯೋಗವಿದೆ. ಸುತ್ತಲಿನ ಐದಾರು ಜನ ಮೂರನೇ ವಾರಕ್ಕೆ ನಿಮ್ಮ ಮುಖ ಗುರುತಿಸುತ್ತಾರೆ, ನಿಮಗೂ ಅವರ ಮುಖ ನೆನಪಿರುತ್ತದೆ. ಕಾಣಿಕೆ ಚೀಲ ಬಂದಾಗ ಏನೂ ಹಾಕದೆ ಮುಂದಿನವರಿಗೆ ದಾಟಿಸಿದರೆ ತಪ್ಪಿಲ್ಲ, ಹೊಸಬರಿಂದ ಯಾರೂ ಅದನ್ನು ನಿರೀಕ್ಷಿಸುವುದಿಲ್ಲ. ನಿರೀಕ್ಷಿಸುವ ಸಭೆಯಾದರೆ ಆ ವಿಷಯ ಮೊದಲ ದಿನವೇ ಗೊತ್ತಾದದ್ದು ಒಳ್ಳೆಯದೇ.

ಹೊಸಬರು ಅತಿ ಹೆಚ್ಚು ಮುಜುಗರಪಡುವುದು ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸದ ಪರಮಪ್ರಸಾದ ಕೊಡುವ ಹೊತ್ತಿನಲ್ಲಿ. ಇಡೀ ಸಾಲು ಎದ್ದು ಮುಂದೆ ಹೊರಡುತ್ತದೆ. ಹೋಗಬೇಕೋ, ಕೂತಿರಬೇಕೋ? ನಿಯಮ ಸಭೆಯಿಂದ ಸಭೆಗೆ ಬೇರೆಯಾಗುತ್ತದೆ. ಕಥೋಲಿಕ ಧರ್ಮಸಭೆಯಲ್ಲಿಯೂ ಆರ್ಥೊಡಾಕ್ಸ್ ಸಭೆಗಳಲ್ಲಿಯೂ ಪರಮಪ್ರಸಾದ ಸಾಮಾನ್ಯವಾಗಿ ಆಯಾ ಸಭೆಗೆ ಸೇರಿದವರಿಗೆ ಮಾತ್ರ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವು, ಯಾವ ಸಭೆಯಲ್ಲೇ ಆಗಲಿ ದೀಕ್ಷಾಸ್ನಾನ ಪಡೆದವರನ್ನು ಕರೆಯುತ್ತವೆ. ಕೆಲವು ಇನ್ನೂ ವಿಶಾಲವಾಗಿ ಕರೆಯುತ್ತವೆ, ಕೆಲವು ಇನ್ನೂ ಬಿಗಿಯಾಗಿವೆ. ಆಂಗ್ಲಿಕನ್ ಸಭೆಗಳಲ್ಲಿ, ಅನೇಕ ಕಥೋಲಿಕ ಚರ್ಚುಗಳಲ್ಲಿಯೂ, ಎರಡು ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡು ಮುಂದೆ ಹೋದರೆ ‘ಪ್ರಸಾದ ಬೇಡ, ಆಶೀರ್ವಾದ ಸಾಕು’ ಎಂದರ್ಥ. ಇದೇ ಗುರುತನ್ನು ಅನೇಕ ಆರ್ಥೊಡಾಕ್ಸ್ ಸಭೆಗಳಲ್ಲಿ ಮಾಡಿದರೆ ತದ್ವಿರುದ್ಧ ಅರ್ಥವಾಗುತ್ತದೆ. ಅಲ್ಲಿ ಪ್ರಸಾದ ಪಡೆಯುವವರೇ ಹಾಗೆ ಕೈ ಮಡಚಿಕೊಂಡು ಪಾತ್ರೆಯ ಮುಂದೆ ಬರುತ್ತಾರೆ. ಹಾಗಾಗಿ ಆರಂಭಕ್ಕೆ ಮುಂಚೆಯೇ ಪಕ್ಕದವರನ್ನು ಒಂದು ಮಾತು ಕೇಳಿಬಿಡಿ. ಆ ಪ್ರಶ್ನೆಯಿಂದಲೇ ಪರಿಚಯ ಶುರುವಾಗುವುದೂ ಉಂಟು.

ನಿಯಮ ಬಿಗಿಯಾಗಿದ್ದರೆ ಪ್ರೀತಿ ಇಲ್ಲವೆಂದು ತಿಳಿಯಬೇಕಾಗಿಲ್ಲ. ಅನೇಕ ಆರ್ಥೊಡಾಕ್ಸ್ ಸಭೆಗಳಲ್ಲಿ ಆರಾಧನೆಯ ಕೊನೆಗೆ ‘ಅಂತಿದೋರೊನ್’ ಎಂಬ ಆಶೀರ್ವದಿಸಿದ ರೊಟ್ಟಿಯ ತುಂಡುಗಳನ್ನು ಹಂಚುತ್ತಾರೆ. ಪರಮಪ್ರಸಾದಕ್ಕೆ ಬಾರದೆ ಕೂತಿದ್ದ ಅತಿಥಿಯ ಕೈಗೆ ಪಕ್ಕದವರೇ ಒಂದು ತುಂಡು ತಂದಿಡುವುದನ್ನು ಅಲ್ಲಿ ಕಾಣಬಹುದು. ಬಾಗಿಲು ಎಲ್ಲಿಯವರೆಗೆ ತೆರೆದಿದೆ ಎನ್ನುವುದನ್ನು ಮುಚ್ಚಿಡದೆ ಹೇಳುವ ಸಭೆಯೇ ವಾಸಿ. ‘ನಮ್ಮಲ್ಲಿ ಎಲ್ಲರಿಗೂ ಸ್ವಾಗತ’ ಎಂದು ಫಲಕ ಹಾಕಿ, ಮುಂದೆ ಬಂದವರನ್ನು ಎಲ್ಲರೆದುರು ಹಿಂದೆ ಕಳಿಸುವ ಸಭೆಯಲ್ಲಿ ಆಗುವ ಗಾಯ ಬೇಗ ಮಾಯುವುದಿಲ್ಲ. ಇದಕ್ಕೆ ಮದ್ದು ಬಹಳ ಸುಲಭ: ಆ ಭಾಗ ಬರುವ ಮುಂಚೆ ಎರಡು ವಾಕ್ಯದಲ್ಲಿ ಯಾರು ಬರಬಹುದು, ಬಾರದವರು ಏನು ಮಾಡಬಹುದು ಎಂದು ಸ್ಪಷ್ಟವಾಗಿ ಹೇಳುವುದು, ಅದನ್ನೇ ಹಾಳೆಯಲ್ಲೂ ಅಚ್ಚುಹಾಕುವುದು.

ಆರು ವಾರ ಆಯಿತು, ಸಭೆ ಹಿಡಿಸಿತು ಅನ್ನಿ. ಮುಂದಿನ ಹೆಜ್ಜೆಯಾಗಿ ಒಂದು ಸಣ್ಣ ಕೆಲಸ ಕೇಳಿ ಪಡೆದುಕೊಳ್ಳಿ. ಕುರ್ಚಿ ಜೋಡಿಸುವುದು, ಕೀರ್ತನೆ ಪುಸ್ತಕ ಹಂಚುವುದು, ಲೋಟ ತೊಳೆಯುವುದು. ನಾಚಿಕೆ ಸ್ವಭಾವದವರಿಗಂತೂ ಇದು ವರದಾನ. ಎದುರುಬದುರು ನಿಂತು ಮಾತು ಹುಡುಕುವುದು ಕಷ್ಟ. ಅಕ್ಕಪಕ್ಕ ನಿಂತು ಲೋಟ ತೊಳೆಯುವಾಗ ಮಾತು ನಿಂತರೂ ಯಾರಿಗೂ ಇರುಸುಮುರುಸಾಗುವುದಿಲ್ಲ, ಕೈಗೆ ಕೆಲಸವಿರುತ್ತದೆ. ನೀವು ಅಲ್ಲಿ ನಿಂತಿರುವುದಕ್ಕೆ ಒಂದು ಕಾರಣವೂ ಸಿಕ್ಕಂತಾಯಿತು. ಒಂದು ಭಾನುವಾರ ನೀವು ಬಾರದಿದ್ದರೆ ಕುರ್ಚಿ ಜೋಡಿಸುವವರಿಗೆ ತಕ್ಷಣ ಗೊತ್ತಾಗುತ್ತದೆ.

ಆದರೆ ದೊಡ್ಡ ಕೆಲಸ ಬೇಗ ಒಪ್ಪಿಕೊಳ್ಳಬೇಡಿ, ಸಭೆಯೂ ಒಪ್ಪಿಸಬಾರದು. ಎರಡನೇ ತಿಂಗಳಿಗೇ ಖಜಾಂಚಿ, ಮೂರನೇ ತಿಂಗಳಿಗೆ ಸಂಡೇ ಸ್ಕೂಲ್ ಶಿಕ್ಷಕರು ಎಂದಾದರೆ ಅದರ ಹಿಂದೆ ಇರುವುದು ಜನರ ಕೊರತೆ. ಹಾಗೆ ಸಿಕ್ಕಿಬಿದ್ದವರು ಸುಸ್ತಾಗಿ ವರ್ಷ ತುಂಬುವುದರೊಳಗೆ ಬರುವುದನ್ನೇ ಬಿಡುತ್ತಾರೆ. ಮಕ್ಕಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಹೊಸಬರನ್ನು ಆರು ತಿಂಗಳಾದರೂ ನೋಡಿ, ಹಿನ್ನೆಲೆ ವಿಚಾರಿಸಿ, ಆಮೇಲೆ ಮಕ್ಕಳ ತರಗತಿಗೆ ಬಿಡಬೇಕು. ಆಮೇಲೂ ಒಬ್ಬರೇ ವಯಸ್ಕರು ಮಕ್ಕಳೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಇಬ್ಬರಿರಬೇಕು. ‘ನನ್ನ ಮೇಲೆ ಅನುಮಾನವೇ?’ ಎಂದು ಬೇಸರಪಡಬೇಡಿ. ನಾಳೆ ನಿಮ್ಮ ಮಗು ಆ ಕೋಣೆಯಲ್ಲಿ ಕೂರುವಾಗ ಆ ನಿಯಮವೇ ಅದನ್ನು ಕಾಯುತ್ತದೆ.

ಈಗ ಸಭೆಯ ಕಡೆಯವರ ವಿಷಯ. ನನ್ನ ಕಾಳಜಿ ಹೆಚ್ಚಿರುವುದು ಇಲ್ಲಿ, ಏಕೆಂದರೆ ಹೊಸಬರು ಎಷ್ಟೇ ಪ್ರಯತ್ನಪಟ್ಟರೂ ಆ ಕಡೆಯಿಂದ ಕೈ ಚಾಚದಿದ್ದರೆ ಕೆಲಸ ಆಗುವುದಿಲ್ಲ.

ಹೊಸಬರನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದನ್ನು ದಯವಿಟ್ಟು ನಿಲ್ಲಿಸಿ. ಉದ್ದೇಶ ಒಳ್ಳೆಯದೇ. ಆದರೆ ಶೋಕದಲ್ಲಿ ಬಂದವರು, ಮುರಿದ ಮದುವೆಯಿಂದ ಬಂದವರು, ಬೇರೊಂದು ಸಭೆಯಲ್ಲಿ ನೊಂದು ಬಂದವರು ಸದ್ದಿಲ್ಲದೆ ಒಂದು ಮೂಲೆಯಲ್ಲಿ ಕೂರಲು ಬಂದಿರುತ್ತಾರೆ. ಮೈಕು ಕೈಗೆ ಕೊಟ್ಟರೆ ಅವರು ಮರುವಾರ ಬರುವುದಿಲ್ಲ. ಅದರ ಬದಲು ಒಂದು ಸರಳ ಕಟ್ಟುಪಾಡು ಮಾಡಿಕೊಳ್ಳಿ: ಆಶೀರ್ವಾದ ಮುಗಿದ ಮೊದಲ ಮೂರು ನಿಮಿಷ, ಗುರುತಿಲ್ಲದವರನ್ನು ಮಾತ್ರ ಮಾತಾಡಿಸುವುದು. ಗೆಳೆಯರು ಹೇಗೂ ಕಾಯುತ್ತಾರೆ, ಹೊಸಬರು ಮೂರು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಮೊದಲ ಪ್ರಶ್ನೆಯೂ ನೋಡಿಕೊಂಡಿರಲಿ. ‘ಮದುವೆ ಆಗಿದೆಯಾ?’, ‘ಮಕ್ಕಳೆಷ್ಟು?’, ‘ಎಲ್ಲಿ ಕೆಲಸ?’ ಈ ಮೂರೂ ನಿರುಪದ್ರವಿ ಎನಿಸಿದರೂ ಕೇಳಿಸಿಕೊಂಡವರಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಚುಚ್ಚುತ್ತವೆ. ‘ಇಲ್ಲಿಗೆ ಮೊದಲ ಸಲವೇ?’ ಎನ್ನುವುದು ಕೂಡ ಅಪಾಯವೇ; ಎಂಟು ತಿಂಗಳಿಂದ ಬರುತ್ತಿರುವವರು ಅದನ್ನು ಕೇಳಿಸಿಕೊಂಡರೆ ಕುಸಿದುಹೋಗುತ್ತಾರೆ. ‘ನಾವಿಬ್ಬರೂ ಇನ್ನೂ ಮಾತಾಡಿಲ್ಲ ಅನ್ನಿಸುತ್ತೆ, ನನ್ನ ಹೆಸರು ಇಂಥದ್ದು’ ಎಂದು ಶುರುಮಾಡಿದರೆ ಯಾರಿಗೂ ನೋವಾಗುವುದಿಲ್ಲ. ಹೆಸರು ಕೇಳಿದ ಕೂಡಲೇ ಮಾತಿನಲ್ಲಿ ಒಮ್ಮೆ ಬಳಸಿ, ಹೊರಗೆ ಬಂದು ಬರೆದಿಟ್ಟುಕೊಳ್ಳಿ, ಮುಂದಿನ ಶನಿವಾರ ರಾತ್ರಿ ಒಮ್ಮೆ ಓದಿಕೊಳ್ಳಿ. ಎರಡನೇ ವಾರ ಹೆಸರು ಹಿಡಿದು ಕರೆದಾಗ ಆ ಮುಖ ಹೇಗೆ ಅರಳುತ್ತದೆ ನೋಡಿ.

ಮಾತಾಡಿಸಿ ಬಿಟ್ಟರೆ ಸಾಲದು, ಇನ್ನೊಬ್ಬರಿಗೆ ಪರಿಚಯಿಸಬೇಕು. ಇದರಲ್ಲಿ ಆದಿಸಭೆಯ ಬಾರ್ನಬನೇ ಗುರು. ಮನಸ್ಸು ತಿರುಗಿಕೊಂಡ ಸೌಲ (ಮುಂದೆ ಅಪೊಸ್ತಲ ಪೌಲನಾದವನು) ಯೆರೂಸಲೇಮಿಗೆ ಬಂದಾಗ ಶಿಷ್ಯರು ಅವನನ್ನು ನಂಬದೆ ಹೆದರಿದರು. ಹೆದರಿಕೆಗೆ ಕಾರಣವೂ ಇತ್ತು, ಅವರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದವನೇ ಅವನು. ಬಾರ್ನಬ ಅವನನ್ನು ತಾನೇ ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿ ಅವನ ಪರವಾಗಿ ಮಾತಾಡಿದ. ಅಷ್ಟಕ್ಕೇ ಬಿಡಲಿಲ್ಲ. ಮುಂದೊಂದು ದಿನ ತಾರ್ಸಕ್ಕೆ ಹೋಗಿ, ಹುಡುಕಿ, ಅಂತಿಯೋಕ್ಯಕ್ಕೆ ಕರೆತಂದ. ಇಬ್ಬರೂ ಆ ಸಭೆಯಲ್ಲಿ ಒಂದು ವರ್ಷ ಪೂರ್ತಿ ಜೊತೆಗಿದ್ದರು. ಒಬ್ಬ ಹೊಸಬರಿಗೆ ಒಬ್ಬ ಬಾರ್ನಬ, ಒಂದು ವರ್ಷ: ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ. ಕಥೋಲಿಕ ಧರ್ಮಸಭೆ 1972ರಲ್ಲಿ ವಯಸ್ಕರ ದೀಕ್ಷೆಯ ಹಳೆಯ ಕ್ರಮವನ್ನು ಮತ್ತೆ ಜಾರಿಗೆ ತಂದಾಗಲೂ, ಹೊಸಬರ ಪಕ್ಕದಲ್ಲಿ ಒಬ್ಬ ಆಧಾರವ್ಯಕ್ತಿ ಇರಲೇಬೇಕೆಂದು ಇಟ್ಟುಕೊಂಡಿತು.

ಆ ಒಬ್ಬರಿಂದ ಮುಂದೆ ಸಣ್ಣ ಗುಂಪಿಗೆ ದಾರಿ ಇರಬೇಕು. ಇನ್ನೂರು ಜನರ ಆರಾಧನೆಯಲ್ಲಿ ಯಾರ ಕಷ್ಟವೂ ಹೊರಗೆ ಬರುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ ಮೆಥೊಡಿಸ್ಟರು ಇದನ್ನು ಕಂಡುಕೊಂಡದ್ದು ಸಾಲದ ಲೆಕ್ಕದ ಮೂಲಕ. ಪ್ರಾರ್ಥನಾ ಮಂದಿರದ ಮೇಲೆ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವುದು, ಹನ್ನೆರಡು ಜನರಿಗೆ ಒಬ್ಬ ನಾಯಕ, ಅವನೇ ಹೋಗಿ ವಸೂಲಿ ಮಾಡುವುದು, ಕೊಡಲಾಗದವರ ಪಾಲನ್ನು ತಾನೇ ತುಂಬುವುದು ಎಂದು ತೀರ್ಮಾನವಾಯಿತು. ಹೀಗೆ ಪ್ರತಿ ವಾರ ಮನೆಬಾಗಿಲಿಗೆ ಹೋದಾಗ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ನಾಯಕರ ಕಣ್ಣಿಗೆ ಬಿತ್ತು. ಇದು ಹಣಕ್ಕಿಂತ ದೊಡ್ಡ ಲಾಭವೆಂದು ಮೆಥೊಡಿಸ್ಟ್ ಚಳವಳಿಯ ಮುಂದಾಳು ಜಾನ್ ವೆಸ್ಲಿಗೆ ಹೊಳೆಯಿತು. ಮನೆಮನೆಗೆ ಹೋಗುವ ಬದಲು ಆ ಹನ್ನೆರಡು ಜನ ವಾರಕ್ಕೊಮ್ಮೆ ಕೂಡಿಬರುವ ಪದ್ಧತಿ ಅಲ್ಲಿಂದ ಬೆಳೆಯಿತು.

ಹನ್ನೆರಡು ಇಂದಿಗೂ ಒಳ್ಳೆಯ ಮಿತಿ. ಆರಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಗುಂಪೇ ಇರುವುದಿಲ್ಲ. ಹದಿನೈದು ದಾಟಿದರೆ ಮೂವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ತುಂಬಾ ವರ್ಷ ಒಂದೇ ಬಳಗವಾಗಿ ಉಳಿದ ಗುಂಪಿಗೂ ಹೊಸಬರನ್ನು ಕಳಿಸಬೇಡಿ. ಅವರಿಗೆ ಅವರದೇ ನೆನಪುಗಳಿರುತ್ತವೆ, ಅರ್ಧ ಮಾತಿಗೇ ನಗುತ್ತಾರೆ. ಮೂರು ನಾಲ್ಕು ಹೊಸಬರು, ಇಬ್ಬರು ಹಳಬರು ಸೇರಿ ಹೊಸ ಗುಂಪು ಕಟ್ಟಿದರೆ ಬೇಗ ಒಗ್ಗುತ್ತದೆ. ಇಂಥ ಗುಂಪುಗಳನ್ನು ಒಡೆಯುವುದು ಒಂದೇ ದೋಷ: ಪ್ರಾರ್ಥನೆಯ ಬಿನ್ನಹ ಸುದ್ದಿಯಾಗಿ ಹೊರಗೆ ಹೋಗುವುದು. ‘ಇಂಥವರಿಗಾಗಿ ಪ್ರಾರ್ಥಿಸಿ, ಮಗ ಮನೆ ಬಿಟ್ಟು ಹೋಗಿದ್ದಾನಂತೆ’ ಎಂದು ಮೂರನೆಯವರ ಬಾಯಿಂದ ಕೇಳಿದ ತಾಯಿ ಇನ್ನೆಂದೂ ಬಾಯಿ ಬಿಡುವುದಿಲ್ಲ. ಬಿನ್ನಹ ಕೇಳಿದ ಪ್ರತಿ ಸಲವೂ ‘ಇದು ಈ ಕೋಣೆಯಲ್ಲೇ ಇರಲಾ, ಸಭೆಗೂ ತಿಳಿಸಲಾ?’ ಎಂದು ಎಲ್ಲರೆದುರು ಕೇಳಿಕೊಳ್ಳುವುದು ಅಭ್ಯಾಸವಾಗಬೇಕು.

ಕಟ್ಟಡವೂ ಮಾತಾಡುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ‘ನೀನು ಅಲ್ಲಿ ನಿಂತುಕೋ’ ಎನ್ನುವವರನ್ನು ಯಾಕೋಬ ತನ್ನ ಪತ್ರದ ಎರಡನೇ ಅಧ್ಯಾಯದಲ್ಲಿ ಕಟುವಾಗಿ ಗದರುತ್ತಾನೆ. ಇಂದು ಹಾಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮೆಟ್ಟಿಲುಗಳು ಹೇಳುತ್ತವೆ. ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕ ಬೇಕು. ಒಂದೇ ಒಂದು 15 ಸೆಂಟಿಮೀಟರ್ ಮೆಟ್ಟಿಲಿಗೂ 180 ಸೆಂಟಿಮೀಟರ್ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾಗಿ ಒಂದು ಹಲಗೆ ಒರಗಿಸಿಟ್ಟರೆ ಯಾರಾದರೂ ತಳ್ಳಲೇಬೇಕು, ಕೂತವರು ಪ್ರತಿ ವಾರ ಸಹಾಯ ಬೇಡಬೇಕು. ಒಳಗೆ ಗಾಲಿಕುರ್ಚಿಯನ್ನು ಗೋಡೆಯ ಬದಿಗೆ, ದಾರಿಯ ಮಧ್ಯಕ್ಕೆ ನಿಲ್ಲಿಸಬೇಡಿ. ನಡುವಿನ ಸಾಲಿನಿಂದ ಒಂದು ಆಸನದಷ್ಟು ಬೆಂಚು ಕಡಿಮೆ ಮಾಡಿ, ಆಗ ಅವರ ಮನೆಯವರೂ ಪಕ್ಕದಲ್ಲೇ ಕೂರಬಹುದು. ಕೀರ್ತನೆಗಳ ಕೆಲವು ಪ್ರತಿ 18 ಪಾಯಿಂಟ್ ಅಕ್ಷರದಲ್ಲಿರಲಿ. ಗೋಧಿ ಒಗ್ಗದವರಿಗಾಗಿ ಬೇರೆ ರೊಟ್ಟಿ ಇಡುವ ಸಭೆಗಳು ಅದನ್ನು ಬೇರೆ ತಟ್ಟೆಯಲ್ಲೇ ಇಡಬೇಕು, ಅದೇ ತಟ್ಟೆಯ ಪುಡಿ ಸಾಕು ಕಾಯಿಲೆ ಬೀಳಲು. ಕಥೋಲಿಕ ನಿಯಮದಲ್ಲಿ ಗ್ಲೂಟನ್ (ಗೋಧಿಯಲ್ಲಿರುವ, ಇಂಥವರಿಗೆ ಒಗ್ಗದ ಅಂಶ) ಪೂರಾ ತೆಗೆದ ರೊಟ್ಟಿಗೆ ಅವಕಾಶವಿಲ್ಲ, ಬಹಳ ಕಡಿಮೆ ಇರುವುದಕ್ಕೆ ಇದೆ. ಅದೂ ಆಗದವರು ಪಾತ್ರೆಯಿಂದ ದ್ರಾಕ್ಷಾರಸ ಮಾತ್ರ ಪಡೆಯಬಹುದು. ಪೂಜೆಗೆ ಮುಂಚೆ ಗುರುಗಳಿಗೆ ತಿಳಿಸಿರಬೇಕು ಅಷ್ಟೇ.

ಒಳಗೆ ಬಂದು ವರ್ಷವಾಗುವ ಹೊತ್ತಿಗೆ ಮೊದಲ ಅಸಮಾಧಾನ ಹುಟ್ಟುತ್ತದೆ. ಹುಟ್ಟಲೇಬೇಕು, ಅದು ಹತ್ತಿರ ಬಂದದ್ದರ ಗುರುತು. ಆದಿಸಭೆಯಲ್ಲೇ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ಸರಿಯಾಗಿ ಸಿಗುತ್ತಿಲ್ಲವೆಂಬ ಗುಣುಗುಟ್ಟು ಎದ್ದಿತ್ತು. ಅಪೊಸ್ತಲರು ದೂರಿದವರನ್ನು ಗದರಲಿಲ್ಲ. ಹಂಚಿಕೆ ನೋಡಿಕೊಳ್ಳಲು ಏಳು ಜನರನ್ನು ಆರಿಸಿಕೊಳ್ಳಲು ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ಅನ್ಯಾಯವಾಗಿದೆ ಎಂದವರ ಭಾಷೆಯ ಕಡೆಯವರ ಕೈಗೇ ಉಗ್ರಾಣ ಬಂತೆಂದು ನಾನು ಓದಿಕೊಳ್ಳುತ್ತೇನೆ. ಹೊಸಬರಿಗೆ ಹಾಡಲು, ಬಡಿಸಲು ಅವಕಾಶ ಕೊಟ್ಟು, ತೀರ್ಮಾನ ಮಾಡುವ ಮೇಜಿನ ಸುತ್ತ ಮಾತ್ರ ಹಳೆಯ ಮನೆತನಗಳೇ ಕೂತಿರುವ ಸಭೆ ತನ್ನ ಹೊಸಬರನ್ನು ಶಾಶ್ವತ ಅತಿಥಿಗಳನ್ನಾಗಿ ಇಟ್ಟುಕೊಂಡಿದೆ.

ವ್ಯಕ್ತಿಗಳ ನಡುವಿನ ಮನಸ್ತಾಪಕ್ಕೆ ಮತ್ತಾಯನ ಸುವಾರ್ತೆಯ ಹದಿನೆಂಟನೇ ಅಧ್ಯಾಯದ ಕ್ರಮವಿದೆ: ಮೊದಲು ಒಬ್ಬರೇ ಹೋಗಿ ಮಾತಾಡುವುದು, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗುವುದು, ಆಮೇಲೆ ಸಭೆಗೆ ಹೇಳುವುದು. ಜನ ಇದನ್ನು ತಲೆಕೆಳಗಾಗಿ ಮಾಡುವುದರಿಂದಲೇ ಅರ್ಧ ಜಗಳ. ಆದರೆ ಈ ಕ್ರಮವನ್ನು ದೌರ್ಜನ್ಯದ ವಿಷಯಕ್ಕೆ ಹಚ್ಚಬಾರದು. ಹೊಡೆಸಿಕೊಂಡವರನ್ನು, ಲೈಂಗಿಕ ಕಿರುಕುಳಕ್ಕೊಳಗಾದವರನ್ನು ‘ಮೊದಲು ನೀವೇ ಹೋಗಿ ಮಾತಾಡಿ’ ಎಂದು ಕಳಿಸುವುದು ಪಾಪ. ಅದು ನೇರ ಪೊಲೀಸರಿಗೆ ಹೋಗಬೇಕಾದ ಸಂಗತಿ. ಲೆಕ್ಕಪತ್ರ ಕೇಳಿದರೆ ಸಿಟ್ಟಾಗುವ ನಾಯಕರು, ಹೊರಗಿನ ಗೆಳೆಯರನ್ನೂ ಮನೆಯವರನ್ನೂ ಬಿಡಿಸುವ ಬೋಧನೆ, ಗುಟ್ಟಾಗಿ ಹೇಳಿಕೊಂಡದ್ದನ್ನು ಪ್ರಸಂಗದಲ್ಲಿ ಎತ್ತುವುದು, ಬಿಟ್ಟು ಹೋದವರ ಹೆಸರೆತ್ತಲೂ ಬಿಡದಿರುವುದು ಕಂಡರೆ, ಸ್ವಾಗತ ಎಷ್ಟೇ ಬೆಚ್ಚಗಿದ್ದರೂ ಹೊರಟುಬಿಡಿ. ಬಂದ ದಿನವೇ ತಬ್ಬಿ ಮುದ್ದಾಡುವುದರಲ್ಲಿ ಇಂಥ ಸಭೆಗಳು ಬಹಳ ನಿಪುಣ.

ಇನ್ನು ಬಾರದವರ ವಿಷಯ. ಎರಡು ಭಾನುವಾರ ಒಬ್ಬರು ಕಾಣದಿದ್ದರೆ ಫೋನ್ ಮಾಡಬೇಕು, ಮೂರನೆಯದಕ್ಕೆ ಕಾಯಬಾರದು. ಸಭಾಪಾಲಕರೇ ಮಾಡಬೇಕೆಂದಿಲ್ಲ. ಪಕ್ಕದಲ್ಲಿ ಕೂರುವವರು ಮಾಡಿದರೆ ಹೆಚ್ಚು ತೂಕ, ಅವರಿಗೆ ಅದು ಕರ್ತವ್ಯವಲ್ಲವೆಂದು ಕೇಳುವವರಿಗೂ ಗೊತ್ತು. ‘ಯಾಕೆ ಬರಲಿಲ್ಲ?’ ಎಂದು ಶುರುಮಾಡಬೇಡಿ, ಹಾಜರಿ ಕೇಳಿದಂತಾಗುತ್ತದೆ. ‘ನಿಮ್ಮ ಜಾಗ ಖಾಲಿ ಇತ್ತು, ಎಲ್ಲ ಆರಾಮವಾ ಅಂತ ಕೇಳೋಣ ಅನ್ನಿಸಿತು’ ಎಂದು ಹೇಳಿ, ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ. ಕಾಯಿಲೆ ಎಂದರೆ ಯಾವ ಹೊತ್ತಿಗೆ ಬಂದರೆ ಅನುಕೂಲ ಎಂದು ವಿಚಾರಿಸಿ. ಹೋದರೆ ಹದಿನೈದು ನಿಮಿಷ ಸಾಕು, ಹಾಸಿಗೆಯ ತುದಿಯಲ್ಲಿ ಕೂರಬೇಡಿ, ಕುರ್ಚಿ ಎಳೆದುಕೊಳ್ಳಿ. ಆ ವಾರದ ಆರಾಧನೆಯ ಹಾಳೆ ಒಂದನ್ನು ಜೊತೆಗೆ ಒಯ್ದು, ಯಾವ ಕೀರ್ತನೆ ಹಾಡಿದೆವು ಎಂದು ತೋರಿಸಿ. ದನಿಯಿದ್ದರೆ ಒಂದು ಚರಣ ಮೆಲ್ಲಗೆ ಹಾಡಿ ಬನ್ನಿ.